ಹಿಂಬದಿ ಶಾಕ್‌ನ ಗಾಳಿ ಒತ್ತಡ ಮತ್ತು ಸ್ಯಾಗ್

ಮೌಂಟನ್ ಬೈಕಿನ ಮೇಲೆ ಸವಾರ ಕುಳಿತಾಗ, ಬರೀ ಅವನ ಭಾರಕ್ಕೆ ಹಿಂಬದಿ ಶಾಕ್ ಕುಗ್ಗುವ ಪ್ರಮಾಣವೇ ಸ್ಯಾಗ್. ಚಕ್ರ ತಗ್ಗಿಗೆ ಇಳಿದಾಗಲೂ ನೆಲ ಬಿಡದಿರಲು ಈ ಕುಗ್ಗು ಬೇಕು.

ಇದನ್ನು ಶಾಕ್‌ನ ಸ್ಟ್ರೋಕಿನ, ಅಂದರೆ ಅದು ಪೂರ್ತಿ ಕುಗ್ಗಬಲ್ಲ ದೂರದ, ಶೇಕಡಾವಾರು ಲೆಕ್ಕದಲ್ಲಿ ಹೇಳುತ್ತಾರೆ. ಸಾಮಾನ್ಯ ಟ್ರೇಲ್ ಸವಾರಿಗೆ ಶೇ. 25ರಿಂದ 30, ಸ್ಟ್ರೋಕ್ 50 ಮಿ.ಮೀ. ಇದ್ದರೆ 12.5ರಿಂದ 15 ಮಿ.ಮೀ. ಚಕ್ರದ ಒಟ್ಟು ಚಲನೆಯನ್ನೇ ಸ್ಟ್ರೋಕ್ ಎಂದುಕೊಳ್ಳುವುದು ಹೊಸಬರ ಸಾಮಾನ್ಯ ತಪ್ಪು.

ಶಾಕ್ ಪಂಪಿನಿಂದಲೇ ಗಾಳಿ ತುಂಬಬೇಕು. ಟಯರ್ ಪಂಪ್ ಇಲ್ಲಿ ನಡೆಯದು. ಸವಾರನ ತೂಕ ಎಷ್ಟು ಪೌಂಡೋ ಅಷ್ಟು ಪಿಎಸ್‌ಐ ಎಂಬುದು ರೂಢಿಯ ಆರಂಭ: 70 ಕೆ.ಜಿ.ಗೆ ಸುಮಾರು 155. ಆಮೇಲೆ ಶಾಕನ್ನು ಹತ್ತಾರು ಬಾರಿ ನಿಧಾನವಾಗಿ ಅದುಮಿ, ಒಳಗಿನ ಎರಡೂ ಕೋಣೆಗಳ ಒತ್ತಡ ಸಮವಾಗಲು ಬಿಡಬೇಕು. ಹೆಲ್ಮೆಟ್, ನೀರಿನ ಚೀಲ ಸಮೇತ ಕುಳಿತು, ಶಾಕ್‌ನ ಶಾಫ್ಟಿನ ಮೇಲಿರುವ ರಬ್ಬರ್ ಉಂಗುರವನ್ನು ಸೀಲಿಗೆ ತಾಗಿಸಿ, ಕುಲುಕದೆ ಇಳಿದರೆ ಉಂಗುರ ಸರಿದ ದೂರವೇ ಸ್ಯಾಗ್. ಹೆಚ್ಚಾದರೆ ಗಾಳಿ ತುಂಬಿ, ಕಡಿಮೆಯಾದರೆ ಬಿಟ್ಟು ಮತ್ತೆ ಅಳೆಯಬೇಕು. ಶಾಕ್ ಮೇಲೆ ಬರೆದ ಗರಿಷ್ಠ ಒತ್ತಡ ಮೀರಬಾರದು. ಪಂಪ್ ಕಳಚುವಾಗ ಬರುವ ಬುಸ್ ಸದ್ದು ಸಾಮಾನ್ಯವಾಗಿ ಕೊಳವೆಯ ಗಾಳಿಯದು, ಹೆದರಬೇಕಿಲ್ಲ.

ಬೈಲಹೊಂಗಲ ತಾಲ್ಲೂಕಿನ ದೊಡವಾಡದ ಸುತ್ತಲಿನ ಎರೆನೆಲದಲ್ಲಿ ಸವಾರಿ ಮಾಡುವವರಿಗೆ ಅಂಕಿಗಿಂತ ಶುಚಿಯೇ ಮುಖ್ಯವೆನ್ನಬಹುದು: ಒಣಗಿದ ಎರೆಮಣ್ಣು ಶಾಫ್ಟಿಗೆ ಅಂಟಿ ಉಳಿದರೆ ಸೀಲು ಸವೆಯುತ್ತದೆ. ಬಿಸಿಲೂ ಲೆಕ್ಕಕ್ಕೆ ಬರುತ್ತದೆ. ಮುಂಜಾನೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ತುಂಬಿದ 150 ಪಿಎಸ್‌ಐ, ಶಾಕ್ 35 ಡಿಗ್ರಿಗೆ ಕಾದಾಗ ಸುಮಾರು 158 ಆಗುತ್ತದೆ. ಒತ್ತಡ ಬದಲಿಸಿದಾಗ ಶಾಕ್ ಮರಳಿ ಹಿಗ್ಗುವ ವೇಗವನ್ನು ನಿಯಂತ್ರಿಸುವ ರಿಬೌಂಡ್ ತಿರುಪನ್ನೂ ಹೊಂದಿಸಬೇಕು.