ಉಂಡು ಮಲಗಿದ ಮೇಲೂ

‘ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ’ ಎನ್ನುತ್ತದೆ ಗಾದೆ. ಪಕ್ಕದ ಮನೆಯಲ್ಲಿ ಹೊಡೆತದ ಸದ್ದು ಕೇಳಿದರೂ ಊರು ಸುಮ್ಮನಿರಲು ಇಂಥ ಮಾತೇ ನೆಪ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟ ಹಾಗೆ ಸುಮ್ಮನಿರಲಿಲ್ಲ.

1990ರ ದಶಕದ ಆರಂಭದಲ್ಲಿ ಆ ಜಿಲ್ಲೆಯಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ಅಕ್ಷರ ಕಲಿಯಲು ಬಂದ ಕೂಲಿ ಹೆಂಗಸರು ಪಾಠದಲ್ಲಿ ಓದಿದ್ದು ಕುಡಿತದಿಂದ ಹಾಳಾದ ಸಂಸಾರದ ಕಥೆ. ಅದು ತಮ್ಮದೇ ಮನೆಯ ಕಥೆಯಾಗಿತ್ತು. ಕೂಲಿ ಹಣ ಎಲ್ಲಿಗೆ ಹೋಗುತ್ತದೆ, ರಾತ್ರಿ ಏಟು ಯಾಕೆ ಬೀಳುತ್ತದೆ ಎಂಬ ಮಾತು ಸಾರಾಯಿ ಅಂಗಡಿಯ ಬಾಗಿಲಿಗೆ ಬಂದು ನಿಂತಿತು. ಅವರು ಅಂಗಡಿ ಮುಚ್ಚಿಸಿದರು. 1992ರಲ್ಲಿ ಚಳವಳಿ ಜಿಲ್ಲೆಯೆಲ್ಲ ಹಬ್ಬಿ ಸಾರಾಯಿ ಹರಾಜನ್ನೇ ತಡೆಯಿತು. 1993ರ ಅಕ್ಟೋಬರ್‌ನಲ್ಲಿ ರಾಜ್ಯವಿಡೀ ಸಾರಾಯಿ ನಿಷೇಧ, 1995ರಲ್ಲಿ ಸಂಪೂರ್ಣ ಪಾನನಿಷೇಧ ಬಂದವು. ಬೊಕ್ಕಸ ಬರಿದಾಯಿತೆಂದು 1997ರಲ್ಲಿ ಪಾನನಿಷೇಧ ಸಡಿಲವಾಯಿತು.

ಕುಡಿಯದ ಗಂಡನೂ ಹೊಡೆಯುತ್ತಾನೆ. ಅಂಗಡಿಗೆ ಬಿದ್ದ ಬೀಗ ಅಂಥ ಮನೆಯನ್ನು ಬದಲಿಸದು. ಏಟು ತಿಂದವಳಿಗೆ ಅದೇ ಮನೆಯಲ್ಲಿ ಉಳಿಯುವ ಹಕ್ಕು ಸಿಗಲು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಬರಬೇಕಾಯಿತು. ಆ ಕಾಯ್ದೆಯಡಿ ನೆರೆಯವರೂ ಸಂರಕ್ಷಣಾಧಿಕಾರಿಗೆ ವಿಷಯ ಮುಟ್ಟಿಸಬಹುದು. ಮನೆಯೊಳಗಿನ ಏಟು ಊರಿನ ಮಾತೂ ಹೌದು ಎಂಬುದನ್ನು ದೂಬಗುಂಟದ ಹೆಂಗಸರು ಅದಕ್ಕೆ ಮೊದಲೇ ಕಂಡುಕೊಂಡಿದ್ದರು.