ಹಚ್ಚೆ ಅಳಿಸಲು ಹೋದವಳು

ಕ್ಯಾನ್ಸರಿಗೆಂದು ನನ್ನ ಎಡಗಡೆಯ ಸ್ತನ ತೆಗೆದರು. ಗಾಯ ಮಾಗಿದ ಮೇಲೆ ಡಾಕ್ಟರು, “ಬೇಕಾದರೆ ಸಿಲಿಕೋನ್ ಚೀಲ ಇಟ್ಟು ಮೊದಲಿನ ಆಕಾರ ತರಬಹುದು, ಟೀಚರ್” ಎಂದರು. ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ಹೇಳಿ, ಯಾವುದೇ ವಸ್ತುವಿನ ಪೂರ್ವೋತ್ತರ ವಿಚಾರಿಸುವುದು ನನಗೆ ಚಾಳಿಯಾಗಿಬಿಟ್ಟಿದೆ. ಒಂದು ವಾರ ಸಮಯ ಕೇಳಿ ಓದಲು ಕುಳಿತೆ.

1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಧರ್ಮಾಸ್ಪತ್ರೆಗೆ ಟಿಮ್ಮಿ ಜೀನ್ ಲಿಂಡ್ಸೆ ಎಂಬ ಆರು ಮಕ್ಕಳ ತಾಯಿ ಎದೆಯ ಮೇಲಿನ ಹಚ್ಚೆ ಅಳಿಸಿಕೊಳ್ಳಲು ಹೋದಳು. ಅಲ್ಲಿನ ವೈದ್ಯರಾದ ಥಾಮಸ್ ಕ್ರೋನಿನ್, ಫ್ರಾಂಕ್ ಜೆರೋ ತಾವು ರೂಪಿಸಿದ ಸಿಲಿಕೋನ್ ಚೀಲವನ್ನು ಅಷ್ಟರಲ್ಲಿ ಒಂದು ನಾಯಿಯ ಮೇಲೆ ಪರೀಕ್ಷಿಸಿದ್ದರು. ಇಡಿಸಿಕೊಳ್ಳುತ್ತೀಯಾ ಎಂದು ಕೇಳಿದರು. ಆಕೆಗೆ ಬೇಕಿದ್ದದ್ದು ಚಾಚಿಕೊಂಡಿದ್ದ ಕಿವಿ ಸರಿಮಾಡಿಸುವುದು. ಅದನ್ನೂ ಮಾಡಿಕೊಡುವುದಾದರೆ ಆಗಲಿ ಎಂದಳು. ಹೀಗೆ ಆ ಚೀಲ ಇಡಿಸಿಕೊಂಡ ಮೊದಲ ಹೆಂಗಸಾದಳು.

ಅಮೆರಿಕದಲ್ಲಿ ಇಂಥ ಸಾಧನಗಳಿಗೆ ಬಿಗಿಯಾದ ಕಾನೂನು ಬಂದದ್ದು 1976ರಲ್ಲಿ. ಆಗಲೇ ಮಾರಾಟದಲ್ಲಿದ್ದ ಚೀಲ ಹಾಗೆಯೇ ಮುಂದುವರಿಯಿತು. ತೊಂದರೆಗಳು ಮಾತ್ರ ಹೆಂಗಸರ ಮೈಯಲ್ಲಿ ಕಾಣಿಸಿಕೊಂಡವು. ಹೊರಗಿನ ವಸ್ತು ಸೇರಿದರೆ ದೇಹ ಅದರ ಸುತ್ತ ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದು ಸ್ತನ ಗಟ್ಟಿಯಾಗಿ ನೋಯುತ್ತದೆ. ಚೀಲ ಒಡೆದರೂ ಎಷ್ಟೋ ಸಲ ಹೊರಗೆ ತಿಳಿಯುವುದೇ ಇಲ್ಲ.

1992ರಲ್ಲಿ ಅಲ್ಲಿನ ಸರ್ಕಾರ ಸೌಂದರ್ಯಕ್ಕಾಗಿ ಸಿಲಿಕೋನ್ ಜೆಲ್ ಚೀಲ ಇಡುವುದನ್ನು ತಡೆಯಿತು. ಕೀಲುಬೇನೆಯಂಥ ಮೈಯೆಲ್ಲ ವ್ಯಾಪಿಸುವ ರೋಗಗಳಿಗೆ ಇದೇ ಕಾರಣವೆಂಬುದಕ್ಕೆ ಪುರಾವೆಯಿಲ್ಲ, ಆದರೆ ಒಡೆಯುವುದು, ಬಿಗಿಯುವುದು, ಮತ್ತೆ ಮತ್ತೆ ಆಪರೇಷನ್ ಆಗುವುದು ನಿಜ ಎಂದು 1999ರಲ್ಲಿ ತಜ್ಞರ ಸಮಿತಿ ಹೇಳಿತು. 2006ರಲ್ಲಿ ತಡೆ ತೆರವಾಯಿತು. 2010ರಲ್ಲಿ ಫ್ರಾನ್ಸಿನ ಪಿಐಪಿ ಕಂಪನಿ ಕಾರ್ಖಾನೆ ಬಳಕೆಯ ಅಗ್ಗದ ಸಿಲಿಕೋನ್ ತುಂಬುತ್ತಿದ್ದದ್ದು ಬಯಲಾಯಿತು. ಅದರ ಸ್ಥಾಪಕ ಜೈಲಿಗೆ ಹೋದ. ಒರಟು ಮೈಯ ಚೀಲಗಳಿಗೂ ಅಪರೂಪದ ಒಂದು ಕ್ಯಾನ್ಸರಿಗೂ ಸಂಬಂಧ ಕಂಡದ್ದರಿಂದ 2019ರಲ್ಲಿ ಅಲರ್ಗನ್ ಕಂಪನಿ ಅವನ್ನು ವಾಪಸು ಪಡೆಯಿತು. ಇದು ಜೀವಮಾನಪೂರ್ತಿ ಬಾಳುವ ವಸ್ತುವಲ್ಲ ಎಂದು ಆಪರೇಷನ್ನಿಗೆ ಮೊದಲೇ ತಿಳಿಸಲೇಬೇಕೆಂಬ ನಿಯಮ ಅಮೆರಿಕದಲ್ಲಿ ಬಂದದ್ದು 2021ರಲ್ಲಿ, ಐವತ್ತೊಂಬತ್ತು ವರ್ಷದ ನಂತರ!

ಡಾಕ್ಟರ ಬಳಿಗೆ ಹೋಗಿ ಕೇಳಿದೆ: ಎಷ್ಟು ವರ್ಷ ಬಾಳುತ್ತದೆ? ಒಡೆದರೆ ತಿಳಿಯುವುದು ಹೇಗೆ? ತೆಗೆಸುವ ಖರ್ಚೆಷ್ಟು? ಅವರು ಬೇಸರಿಸದೆ ಉತ್ತರಿಸಿದರು. ನಾನು ಬೇಡವೆಂದೆ. ಅಕ್ಕ ಹೊಲಿದುಕೊಟ್ಟ ಹತ್ತಿಯ ಮೆತ್ತೆ ರವಿಕೆಯೊಳಗಿಟ್ಟುಕೊಂಡು ಶಾಲೆಗೆ ಹೋಗುತ್ತೇನೆ. ವಾರ್ಡಿನಲ್ಲಿ ಪಕ್ಕದ ಮಂಚದಲ್ಲಿದ್ದ ಹುಡುಗಿ ಇದೇ ಪ್ರಶ್ನೆ ಕೇಳಿ, ಇಡಿಸಿಕೊಂಡಳು. ಚೀಲದ ಹೆಸರು, ನಂಬರು ಬರೆದ ಚೀಟಿಯನ್ನು ಒಡವೆ ಡಬ್ಬಿಯಲ್ಲಿ ಇಟ್ಟಿದ್ದಾಳೆ. ಅವಳದೂ ಸರಿಯೇ. ಇಬ್ಬರೂ ಕೇಳಿ ತಿಳಿದೇ ನಿರ್ಧರಿಸಿದೆವು.