ಪಾದ್ರಿ ಕಿಟ್ಟೆಲರ ಮನೆತನ ಮತ್ತು ನುಡಿಸೇವೆ

ಕನ್ನಡದ ಮಹಾಕೋಶಕಾರ ರೆವರೆಂಡ್ ಫರ್ಡಿನಂಡ್ ಕಿಟ್ಟೆಲರು 1832ರಲ್ಲಿ ಉತ್ತರ ಜರ್ಮನಿಯ ರೆಸ್ಟರ್‌ಹಾಫೆ ಗ್ರಾಮದಲ್ಲಿ ಲೂಥರನ್ ಪಾದ್ರಿಯೊಬ್ಬರ ಪುತ್ರರಾಗಿ ಜನಿಸಿದರು. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಮತಪ್ರಚಾರಕ್ಕೆಂದು ಕನ್ನಡ ನಾಡಿಗೆ ಬಂದ ಅವರು, ಧಾರವಾಡದ ಸೀಮೆಯಲ್ಲಿ ಜನರೊಡನೆ ಬೆರೆತು ನುಡಿಯನ್ನು ಕಲಿತರು. 1860ರಲ್ಲಿ ಕೈಹಿಡಿದ ಪೌಲೀನಾ ನಾಲ್ಕೇ ವರ್ಷಗಳಲ್ಲಿ ತೀರಿಕೊಂಡರು. ಮುಂದೆ ಆಕೆಯ ಸೋದರಿ ಜೂಲಿ ಅವರ ಬಾಳಸಂಗಾತಿಯಾದರು. ಸಂಸಾರದ ಈ ಏಳುಬೀಳುಗಳ ನಡುವೆಯೂ ಅವರ ವಿದ್ಯಾವ್ಯಾಸಂಗ ಕುಂದಲಿಲ್ಲ. 1872ರಲ್ಲಿ ಶಬ್ದಮಣಿದರ್ಪಣವನ್ನೂ 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನೂ ಸಂಪಾದಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ, ಸುಮಾರು 70,000 ಶಬ್ದಗಳ ಅವರ ಕೋಶದಲ್ಲಿ ಭೀಮಕವಿಯ ಬಸವಪುರಾಣದ ಪ್ರಯೋಗಗಳೂ ಹಳ್ಳಿಗರ ಗಾದೆಗಳೂ ಜೊತೆಜೊತೆಯಾಗಿ ಎಡೆಪಡೆದಿವೆ. ತಮ್ಮ ಮತವನ್ನು ಬೋಧಿಸಬಂದವರು ಶರಣಸಾಹಿತ್ಯದ ನುಡಿಗೂ ಪ್ರಮಾಣದ ಪೀಠವಿತ್ತರು. ಕನ್ನಡ ವ್ಯಾಕರಣವನ್ನು ಪ್ರಕಟಿಸಿದ 1903ರಲ್ಲಿಯೇ ಅವರು ಟ್ಯೂಬಿಂಗನ್ನಿನಲ್ಲಿ ನಿಧನರಾದರು. ಅವರ ದೇಹ ತವರುನಾಡಿನಲ್ಲಿ ಮಣ್ಣಾಯಿತು. ಹೆಸರು ಕನ್ನಡಿಗರ ಮನೆಮಾತಾಗಿ ಉಳಿಯಿತು.